ಪಂಪ್‌ವೆಲ್ ಕಾಳಗ

ಅಭಿಮನ್ಯುವಿಗೆ ಚಕ್ರವ್ಯೂಹದ ಒಳಗೆ ಹೋಗಲು ಗೊತ್ತಿತ್ತು, ಹೊರಗೆ ಬರಲು ಗೊತ್ತಿರಲಿಲ್ಲ. ಪಾಪ, ಒಂದು ವಾರ ಪಂಪ್‌ವೆಲ್‌ನಲ್ಲಿ ಸ್ಕೂಟರ್ ಓಡಿಸಿದ್ದರೆ ಕಲಿಯುತ್ತಿದ್ದ.

ಸಂಜೆ ಆರೂವರೆ. ಆಫೀಸ್ ಮುಗಿಸಿ ಕಂಕನಾಡಿ ಕಡೆಯಿಂದ ನಮ್ಮ ಪ್ರವೇಶ. ಕಿರೀಟದ ಬದಲು ಹೆಲ್ಮೆಟ್, ಚೆಂಡೆಯ ಬದಲು ಹಾರ್ನ್. ಎದುರಿಗೆ ಪಡೀಲ್ ಸೇನೆ, ಎಡಕ್ಕೆ ನಂತೂರು ಸೇನೆ, ಬಲಕ್ಕೆ ತೊಕ್ಕೊಟ್ಟು ಸೇನೆ. ಗಂಭೀರವಾಗಿ ಬರುವ ಮೀನಿನ ಲಾರಿ ದ್ರೋಣಾಚಾರ್ಯ. ಯಾವ ಕಡೆ ತಿರುಗುತ್ತದೆ ಅಂತ ತನಗೇ ಗೊತ್ತಿಲ್ಲದ ರಿಕ್ಷಾ ಶಕುನಿ. ಸರ್ಕಲ್‌ನ ಬಾಯಲ್ಲೇ ನಿಂತು ಜನ ಹತ್ತಿಸುವ ಸಿಟಿ ಬಸ್ ಸೈಂಧವ. ಹಿಂದಿನವರು ಯಾರೂ ಒಳಗೆ ಬರುವ ಹಾಗಿಲ್ಲ. ನಾವು ಬಿಡುತ್ತೇವಾ? ಬಸ್ಸಿನ ಪಕ್ಕ ನುಸುಳಿ, ಫ್ಲೈಓವರ್ ಕೆಳಗೆ ಒಂದು ಧೀಂಗಿಣ ಹೊಡೆದು, ತೊಕ್ಕೊಟ್ಟು ರಸ್ತೆಗೆ ಬಿದ್ದರೆ ಜಯ ಜಯ!

ಹೀಗೆ ಬರೆದು ಹಾಕಿದರೆ ನೂರು ಲೈಕ್ ಖಂಡಿತ. ಈ ಜಾಗದ ಬಗ್ಗೆ ನಗುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ ಮಾರಾಯ್ರೆ. ಒಂದು ಕಿಲೋಮೀಟರ್ ಕೂಡ ಉದ್ದವಿಲ್ಲದ ಇಲ್ಲಿನ ಫ್ಲೈಓವರ್ ಕೆಲಸ ಶುರುವಾದದ್ದು 2010ರಲ್ಲಿ, ಉದ್ಘಾಟನೆ ಆದದ್ದು 2020ರ ಜನವರಿ 31ಕ್ಕೆ. 1990ರಲ್ಲಿ ಶುರುವಾದ ಕೊಂಕಣ ರೈಲ್ವೆ, ಸುಮಾರು 740 ಕಿಲೋಮೀಟರ್, ಸಹ್ಯಾದ್ರಿಯ ಹೊಟ್ಟೆ ಕೊರೆದು 1998ರಲ್ಲಿ ಪೂರ್ತಿ ಓಡಿತು. ಇಲ್ಲಿ ಬೆಟ್ಟವೂ ಇಲ್ಲ, ಸುರಂಗವೂ ಇಲ್ಲ. ಗಡುವಿನ ಮೇಲೆ ಗಡುವು ದಾಟಿತು, ನಾವು ಟ್ರೋಲ್ ಮೇಲೆ ಟ್ರೋಲ್ ಮಾಡಿದೆವು. ಮಹಾವೀರ ವೃತ್ತದ ಆ ದೊಡ್ಡ ಕಲಶವನ್ನು ಎತ್ತಿಟ್ಟಾಗಲೂ ನಕ್ಕೆವು. ಉದ್ಘಾಟನೆಯಾದ ಮೇಲೆ ಜೋರು ಮಳೆಗೆ ಕೆಳಗೆ ನೀರು ನಿಂತಾಗ, "ವೆಲ್ ರೆಡಿ ಆಯ್ತು, ಇನ್ನು ಪಂಪ್ ಒಂದು ಬಾಕಿ" ಅಂತ ಸ್ಟೇಟಸ್ ಹಾಕಿದ್ದು ನಾನೇ.

ನನ್ನ ತಕರಾರು ಈಗ ಈ ನಗುವಿನ ಮೇಲೆಯೇ. ನಕ್ಕರೆ ಸಿಟ್ಟು ಇಳಿಯುತ್ತದೆ. ಸಿಟ್ಟು ಇಳಿದ ಜನ ಅರ್ಜಿ ಬರೆಯುವುದಿಲ್ಲ, ವಾರ್ಡ್ ಸಭೆಗೆ ಹೋಗುವುದಿಲ್ಲ, ಯಾರನ್ನೂ ಕೇಳುವುದಿಲ್ಲ. ಹತ್ತು ವರ್ಷ ಎಳೆದವರಿಗೆ ನಮ್ಮ ಜೋಕಿಗಿಂತ ಅನುಕೂಲದ್ದು ಬೇರೆ ಎಂಥ ಉಂಟು?

ಹೋದ ಮಳೆಗಾಲ ನನ್ನ ಸ್ಕೂಟರ್ ಗ್ಯಾರೇಜ್ ಸೇರಿತ್ತು. ಬಸ್ಸಿನಿಂದ ಇಳಿದು ಪಂಪ್‌ವೆಲ್‌ನಲ್ಲಿ ರಸ್ತೆ ದಾಟಲು ನಿಂತೆ. ಪಕ್ಕದಲ್ಲಿ ಒಬ್ಬರು ಅಜ್ಜಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಆಸ್ಪತ್ರೆಯ ಎಕ್ಸ್‌ರೇ ಕವರ್. ಒಂದು ಹೆಜ್ಜೆ ಇಡುವುದು, ಎರಡು ಹೆಜ್ಜೆ ಹಿಂದೆ ಬರುವುದು. ಕೊನೆಗೆ, "ಮಗಾ, ನನ್ನನ್ನೂ ಒಮ್ಮೆ ಆಚೆ ದಾಟಿಸ್ತೀಯಾ?" ಅಂದರು. ಕೈ ಹಿಡಿದೆ. ಇಬ್ಬರೂ ನಿಂತೇ ಇದ್ದೆವು. ಎದುರಿಂದ ಬರುತ್ತಿದ್ದವರೆಲ್ಲ ಯಾರು? ನನ್ನ ಹಾಗೆ ಬ್ಯಾಗ್ ಹಾಕಿಕೊಂಡವರು, ನನ್ನ ಹಾಗೆ ಐದು ಸೆಕೆಂಡ್ ಉಳಿಸುವವರು. ಒಬ್ಬನೂ ಬ್ರೇಕ್ ಹಿಡಿಯಲಿಲ್ಲ. ಹಿಡಿಯುವುದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಯಾಕೆಂದರೆ ನಾನೂ ಹಿಡಿಯುತ್ತಿರಲಿಲ್ಲ.

ಅಭಿಮನ್ಯು ನಾನು ಅಂದುಕೊಂಡಿದ್ದೆ. ಅಲ್ಲ, ಆ ಅಜ್ಜಿ. ನಾನು ಸುತ್ತುಗಟ್ಟಿ ನಿಂತ ಮಹಾರಥರಲ್ಲಿ ಒಬ್ಬ.

ಫ್ಲೈಓವರ್ ಆದದ್ದು ಊರು ದಾಟಿ ಹೋಗುವವರಿಗೆ. ಊರಲ್ಲೇ ಇರುವವರು ಇನ್ನೂ ಕೆಳಗೇ ಇದ್ದಾರೆ. ಅವರಿಗೆ ಬೇಕಾದದ್ದು ಮತ್ತೊಂದು ಸೇತುವೆಯಲ್ಲ. ನಡೆಯುವವರಿಗೆ ಅಂತಲೇ ಅರ್ಧ ನಿಮಿಷದ ಸಿಗ್ನಲ್, ಬಸ್ ನಿಲ್ಲಲು ಸರ್ಕಲ್‌ನಿಂದ ದೂರ ಒಂದು ಜಾಗ, ನೀರು ಹರಿದುಹೋಗುವ ಚರಂಡಿ. ಇಷ್ಟನ್ನು ಕೇಳಲು ಹತ್ತು ವರ್ಷ ಬೇಡ, ಹತ್ತು ಸಹಿ ಸಾಕು. ಮೊದಲ ಸಹಿ ನನ್ನದು.

ಅಲ್ಲಿಯವರೆಗೆ, ಫ್ಲೈಓವರ್ ಕೆಳಗೆ ಯಾರಾದರೂ ಕೊಡೆ ಹಿಡಿದು ನಿಂತಿದ್ದರೆ, ಧೀಂಗಿಣ ನಿಲ್ಲಿಸಿ ಬ್ರೇಕ್ ಹಿಡಿಯಿರಿ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ.