ಟರ್ಬೊ ಕಾರು: ಉಳಿತಾಯ ಎಷ್ಟು, ಭ್ರಮೆ ಎಷ್ಟು?

ಟರ್ಬೊ ಇರುವ ಪೆಟ್ರೋಲ್ ಕಾರು ಹೆಚ್ಚು ಮೈಲೇಜ್ ಕೊಡುತ್ತದೆಯೇ? ಬ್ಯಾಂಕಿಗೆ ವಾಹನ ಸಾಲಕ್ಕೆಂದು ಬರುವವರು ಇತ್ತೀಚೆಗೆ ಕೇಳುವ ಪ್ರಶ್ನೆಯಿದು. ಚೆನ್ನೈಯಲ್ಲಿ ಪೆಟ್ರೋಲ್ ಬೆಲೆ 2021ರಲ್ಲಿ ಲೀಟರಿಗೆ ನೂರು ರೂಪಾಯಿ ದಾಟಿದಂದಿನಿಂದ ಮಧ್ಯಮ ವರ್ಗದ ಕುಟುಂಬಗಳು ಹೀಗೆ ಕೇಳುವುದು ಸಹಜವೇ. ಆದರೆ ಉತ್ತರ ಮಾರಾಟ ಮಳಿಗೆಯಲ್ಲಿ ಹೇಳುವಷ್ಟು ಸರಳವಾಗಿಲ್ಲ.

ಇಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯ ರಭಸದಿಂದ ಒಂದು ಚಕ್ರವನ್ನು ತಿರುಗಿಸಿ, ಅದರ ಬಲದಿಂದ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವುದು ಟರ್ಬೊದ ಕೆಲಸ. ಸ್ವಿಸ್ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಹೆಚ್ಚು ಗಾಳಿ ಬಂದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಹೆಚ್ಚು ಶಕ್ತಿ ಪಡೆಯಬಹುದು. ಅಂದರೆ ಟರ್ಬೊ ಮೂಲತಃ ಶಕ್ತಿಯ ಸಾಧನವೇ ಹೊರತು ಉಳಿತಾಯದ ಸಾಧನವಲ್ಲ.

ಹಾಗಾದರೆ ಉಳಿತಾಯ ಬರುವುದೆಲ್ಲಿಂದ? ದೊಡ್ಡ ಇಂಜಿನ್ನಿನ ಜಾಗದಲ್ಲಿ ಚಿಕ್ಕದನ್ನು ಇಡಲು ಸಾಧ್ಯವಾಗುವುದರಿಂದ. ನಿಧಾನವಾಗಿ ಸಾಗುವಾಗ ದೊಡ್ಡ ಇಂಜಿನ್ ಗಾಳಿಯ ದಾರಿಯನ್ನು ಬಹುಪಾಲು ಮುಚ್ಚಿಕೊಂಡು ಕಿರಿದಾದ ಸಂದಿನಿಂದ ಉಸಿರೆಳೆಯಬೇಕಾಗುತ್ತದೆ. ಆ ಶ್ರಮದಲ್ಲಿಯೂ ಬಿಡಿಭಾಗಗಳ ಘರ್ಷಣೆಯಲ್ಲಿಯೂ ಇಂಧನ ವ್ಯರ್ಥವಾಗುತ್ತದೆ. ಚಿಕ್ಕ ಇಂಜಿನ್ನಿನಲ್ಲಿ ಈ ನಷ್ಟ ಕಡಿಮೆ. ಶಕ್ತಿ ಬೇಕಾದಾಗ ಟರ್ಬೊ ನೆರವಿಗೆ ಬರುತ್ತದೆ.

ನಮ್ಮೂರಿನದೇ ಉದಾಹರಣೆಯಿದೆ. ಮರೈಮಲೈ ನಗರದ ಕಾರ್ಖಾನೆಯಲ್ಲಿ ತಯಾರಾಗಿ 2013ರಲ್ಲಿ ಮಾರುಕಟ್ಟೆಗೆ ಬಂದ ಫೋರ್ಡ್ ಇಕೋಸ್ಪೋರ್ಟ್ ಕಾರಿನಲ್ಲಿ ಎರಡು ಪೆಟ್ರೋಲ್ ಇಂಜಿನ್‌ಗಳಿದ್ದವು. ಟರ್ಬೊ ಇಲ್ಲದ 1.5 ಲೀಟರ್ ಇಂಜಿನ್ನಿಗೆ ಕಂಪನಿ ಘೋಷಿಸಿದ ಮೈಲೇಜ್ 15.8 ಕಿ.ಮೀ.; ಟರ್ಬೊ ಇದ್ದ 1 ಲೀಟರ್ ಇಂಜಿನ್ನಿಗೆ 18.9 ಕಿ.ಮೀ. ಶಕ್ತಿಯೂ ಚಿಕ್ಕದರಲ್ಲೇ ಹೆಚ್ಚು. ಫೋರ್ಡ್ 2022ರಲ್ಲಿ ಅಲ್ಲಿ ಕಾರು ತಯಾರಿಕೆ ನಿಲ್ಲಿಸಿತು. ಆದರೆ ಆ ಕಾರು ತೋರಿದ ತತ್ತ್ವ ಉಳಿದಿದೆ.

ಇನ್ನೊಂದು ಮುಖವನ್ನೂ ನೋಡೋಣ. ಒರಗಡಂನಲ್ಲಿ ತಯಾರಾಗುವ ನಿಸ್ಸಾನ್ ಮ್ಯಾಗ್ನೈಟ್ 2020ರ ಡಿಸೆಂಬರಿನಲ್ಲಿ ಬಂದಾಗ ಅದರ ಎರಡೂ ಇಂಜಿನ್‌ಗಳು 1 ಲೀಟರಿನವೇ. ಟರ್ಬೊ ಇಲ್ಲದ್ದಕ್ಕೆ 18.75 ಕಿ.ಮೀ., ಟರ್ಬೊ ಇದ್ದುದಕ್ಕೆ 20 ಕಿ.ಮೀ. ಎಂಬ ಘೋಷಣೆಯಿತ್ತು. ಅದೇ ಟರ್ಬೊಗೆ ಆಟೋಮ್ಯಾಟಿಕ್ ಗೇರ್ ಸೇರಿದೊಡನೆ ಅಂಕಿ 17.7ಕ್ಕೆ ಇಳಿಯಿತು. ಗಾತ್ರ ಒಂದೇ ಇದ್ದಲ್ಲಿ ಲಾಭ ಅಲ್ಪ ಎಂಬುದು ಸ್ಪಷ್ಟ.

ಈ ಅಂಕಿಗಳೆಲ್ಲ ಪರೀಕ್ಷಾಲಯದವು. ಅಲ್ಲಿನ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ., ವೇಗವರ್ಧನೆಯೂ ಮೃದು. ರಸ್ತೆಯಲ್ಲಿ ಆಕ್ಸಿಲರೇಟರನ್ನು ಒತ್ತಿದಂತೆಲ್ಲ ಟರ್ಬೊ ಹೆಚ್ಚು ಗಾಳಿ ತುಂಬುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲೂ ಸುರಿಯುತ್ತದೆ. ಒತ್ತಿದ ಗಾಳಿ ಕಾಯುವುದರಿಂದ ಪೆಟ್ರೋಲ್ ಅಕಾಲದಲ್ಲಿ ಉರಿಯುವ ಅಪಾಯವೂ ಉಂಟು. ಅದನ್ನು ತಡೆಯಲು ಅನೇಕ ಇಂಜಿನ್‌ಗಳು ಹೆಚ್ಚಿನ ಭಾರದಲ್ಲಿ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಸಿಂಪಡಿಸಿ ತಂಪು ಮಾಡಿಕೊಳ್ಳುತ್ತವೆ.

ಆದರೂ ಕಂಪನಿಗಳು ಟರ್ಬೊ ಕಡೆಗೆ ಒಲಿದಿರುವುದಕ್ಕೆ ತೆರಿಗೆಯೂ ಒಂದು ಕಾರಣ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ದರದಂತೆ, 4 ಮೀಟರ್ ಉದ್ದ ಹಾಗೂ 1200 ಸಿ.ಸಿ. ಮೀರದ ಪೆಟ್ರೋಲ್ ಕಾರಿಗೆ ಶೇ. 18, ಮೀರಿದ್ದಕ್ಕೆ ಶೇ. 40. ಚಿಕ್ಕ ಇಂಜಿನ್ನಿನಲ್ಲಿ ದೊಡ್ಡ ಶಕ್ತಿ ತೋರಿಸಲು ಟರ್ಬೊಗಿಂತ ಸುಲಭ ದಾರಿ ಬೇರೆ ಯಾವುದಿದೆ?

ಇನ್ನು ಮನೆಯ ಲೆಕ್ಕ. ತಿಂಗಳಿಗೆ 1000 ಕಿ.ಮೀ. ಓಡಿಸುವ ಕುಟುಂಬ 18.75ರ ಬದಲು 20 ಕಿ.ಮೀ. ಮೈಲೇಜ್ ಪಡೆದರೆ ಉಳಿಯುವುದು ಸುಮಾರು 3.3 ಲೀಟರ್. ಲೀಟರಿಗೆ ನೂರು ರೂಪಾಯಿಯಂತೆ ವರ್ಷಕ್ಕೆ 4,000 ರೂ. ಟರ್ಬೊ ಮಾದರಿಗೆ ಒಂದು ಲಕ್ಷ ಹೆಚ್ಚು ತೆತ್ತರೆಂದು ಇಟ್ಟುಕೊಂಡರೆ, ಅಸಲು ಹುಟ್ಟಲು 25 ವರ್ಷ ಬೇಕು! ಸ್ವಂತ ಕಾರಿನ ನೋಂದಣಿಯ ಅವಧಿಯೇ 15 ವರ್ಷ. ಸಾಲದ ಬಡ್ಡಿಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ಆದುದರಿಂದ 1.5 ಲೀಟರ್ ಕಾರಿನ ಬದಲು 1 ಲೀಟರ್ ಟರ್ಬೊ ಆರಿಸುವವರಿಗೆ, ಶ್ರೀಪೆರಂಬುದೂರು ದಾಟಿ ಬೆಂಗಳೂರಿಗೆ ಸಮವೇಗದಲ್ಲಿ ಆಗಾಗ ಹೋಗಿಬರುವವರಿಗೆ ಟರ್ಬೊ ಲಾಭದಾಯಕವೇ. ಅಣ್ಣಾ ಸಾಲೈಯ ಸಂಜೆಯ ದಟ್ಟಣೆಯಲ್ಲೇ ದಿನ ಕಳೆಯುವವರು ಉಳಿತಾಯದ ಆಸೆಯಿಂದ ಅದನ್ನು ಕೊಳ್ಳಬೇಕಾಗಿಲ್ಲ. ಓಟದ ಸುಖ ಬೇಕೆನ್ನುವವರು ಅದಕ್ಕೆ ಬೆಲೆ ತೆರುತ್ತಿದ್ದೇವೆಂದು ತಿಳಿದೇ ಕೊಳ್ಳಲಿ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಆಕ್ಸಿಲರೇಟರಿನ ಮೇಲಿಡುವ ಕಾಲಿಗೂ ಆ ಮಾತು ಸಲ್ಲುತ್ತದೆ.