ಒಂದೇ ಕಟ್ಟಡದೊಳಗಿನ ಚಳಿಯೂ ಸೆಕೆಯೂ

ನಮ್ಮ ಕಾರ್ಯಾಲಯಕ್ಕೆ ಆಗಾಗ ಬಂದು ಹೋಗುವ ಗುಮಾಸ್ತ ಮಿತ್ರರೊಬ್ಬರು ಮೇ ತಿಂಗಳ ಮುಂಬಯಿ ಬಿಸಿಲಿನಲ್ಲಿಯೂ ಕೈಚೀಲದಲ್ಲಿ ಉಣ್ಣೆಯ ಸ್ವೆಟರನ್ನು ಇಟ್ಟುಕೊಂಡಿರುತ್ತಾರೆ. ಕಾಶ್ಮೀರಕ್ಕೆ ಪ್ರಯಾಣವೋ ಎಂದು ಒಮ್ಮೆ ವಿನೋದಕ್ಕಾಗಿ ಕೇಳಿದೆವು. “ಇಲ್ಲ ಸ್ವಾಮಿ, ಆಫೀಸಿಗೆ” ಎಂದರು. ಅವರ ಆಫೀಸಿರುವುದು ಗಾಜಿನ ಗೋಡೆಗಳ ಬಹುಮಹಡಿಯ ಕಟ್ಟಡವೊಂದರಲ್ಲಿ. ಅಲ್ಲಿ ಹಗಲಿಡೀ ಉಷ್ಣಮಾನ 20 ಡಿಗ್ರಿ. ಅದೇ ಕಟ್ಟಡದ ತಳದ ಅಂತಸ್ತಿನಲ್ಲಿ ಒಂದು ಉಪಾಹಾರಗೃಹವಿದೆ. ಅದರ ಅಡಿಗೆಮನೆಯಲ್ಲಿ ಕಾವಲಿಯ ಮುಂದೆ ನಿಂತಿರುವ ಕುಂದಾಪುರದ ಕಡೆಯ ಹುಡುಗನೂ ನಮ್ಮ ವಾಚಕನೇ. ಅವನ ಹೆಗಲ ಮೇಲಿನ ಪಂಚೆ ಮಧ್ಯಾಹ್ನದೊಳಗೆ ಮೂರು ಸಲ ಹಿಂಡುವಷ್ಟು ಒದ್ದೆಯಾಗುತ್ತದೆ. ಒಂದೇ ಕಟ್ಟಡದೊಳಗೆ ಒಬ್ಬ ಕನ್ನಡಿಗ ನಡುಗುತ್ತಾನೆ, ಇನ್ನೊಬ್ಬ ಬೇಯುತ್ತಾನೆ. ಇಬ್ಬರ ನಡುವೆ ಲಕ್ಷಾಂತರ ರೂಪಾಯಿಗಳ ಯಂತ್ರವೊಂದು ದುಡಿಯುತ್ತಿರುತ್ತದೆ. ಆ ಯಂತ್ರದ ವಿಷಯವಾಗಿಯೇ ಇಂದು ಎರಡು ಮಾತು ಬರೆಯಬೇಕೆಂದಿದ್ದೇವೆ.

ಹವಾನಿಯಂತ್ರಣವೆಂಬುದು ಮೂಲತಃ ಮನುಷ್ಯರಿಗಾಗಿ ಹುಟ್ಟಿದ್ದಲ್ಲ. 1902ರಲ್ಲಿ ಅಮೇರಿಕೆಯ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಉಬ್ಬಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡದಿದ್ದಾಗ, ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರನು ಗಾಳಿಯ ತೇವವನ್ನು ಹತೋಟಿಗೆ ತರುವ ಉಪಾಯವನ್ನು ಹೂಡಿದನು. ಕಾಗದದ ಕಷ್ಟವನ್ನು ಬಲ್ಲ ಪತ್ರಿಕೆಯವರಾದ ನಾವು ಆತನಿಗೆ ಕೃತಜ್ಞರು. ಆದರೆ ಕಾಗದಕ್ಕೆ ಸಿಕ್ಕಿದ ಆ ಸವಲತ್ತು ನೂರಿಪ್ಪತ್ತು ವರ್ಷಗಳಾದರೂ ಅಡಿಗೆಭಟ್ಟನಿಗೆ ಸಿಕ್ಕಿಲ್ಲವೆಂಬುದೂ ಅಷ್ಟೇ ನಿಜ.

ಇಂದಿನ ದೊಡ್ಡ ಕಟ್ಟಡಗಳಲ್ಲಿ ಕೋಣೆಗೊಂದು ಯಂತ್ರವಿರುವುದಿಲ್ಲ. ನೆಲಮಾಳಿಗೆಯಲ್ಲೋ ಮೇಲ್ಛಾವಣಿಯಲ್ಲೋ ಇರುವ ಚಿಲ್ಲರ್ ಎಂಬ ಮಹಾಯಂತ್ರವು ನೀರನ್ನು ಸುಮಾರು 7 ಡಿಗ್ರಿಗೆ ತಣಿಸಿ ಕೊಳವೆಗಳಲ್ಲಿ ಮಹಡಿ ಮಹಡಿಗೂ ಕಳುಹಿಸುತ್ತದೆ. ಅದು ಕೋಣೆಗಳ ಶಾಖವನ್ನು ಹೊತ್ತು ಸುಮಾರು 12 ಡಿಗ್ರಿಯಾಗಿ ಮರಳುತ್ತದೆ. ಆ ಶಾಖವನ್ನು ಛಾವಣಿಯ ಮೇಲಿನ ಗೋಪುರವು ಆಕಾಶಕ್ಕೆ ಬಿಡುತ್ತದೆ. ಇದೆಲ್ಲವನ್ನೂ ಒಂದು ಕಡೆ ಕುಳಿತು ನೋಡಿಕೊಳ್ಳುವ ಗಣಕಯಂತ್ರದ ಏರ್ಪಾಡಿಗೆ ಕಟ್ಟಡ ನಿರ್ವಹಣಾ ವ್ಯವಸ್ಥೆ, ಸಂಕ್ಷೇಪವಾಗಿ ಬಿ.ಎಂ.ಎಸ್., ಎಂದು ಹೆಸರು. ನಮ್ಮವರಿಗೆ ತಿಳಿಯುವಂತೆ ಹೇಳುವುದಾದರೆ ಅದು ಗಲ್ಲೆಯ ಮೇಲೆ ಕುಳಿತ ಚುರುಕು ಮ್ಯಾನೇಜರನಂತೆ. ಯಾವ ಮೇಜು ಖಾಲಿ, ಯಾವುದು ತುಂಬಿದೆ ಎಂಬುದು ಅವನಿಗೆ ಕುಳಿತಲ್ಲಿಂದಲೇ ತಿಳಿಯುತ್ತದೆ. ಅದರ ಕಣ್ಣುಗಳೆಂದರೆ ಗೋಡೆಗಳಲ್ಲಿ ನೆಟ್ಟ ಸೆನ್ಸರುಗಳು: ಒಂದು ಉಷ್ಣವನ್ನು ಅಳೆಯುತ್ತದೆ, ಒಂದು ತೇವವನ್ನು, ಇನ್ನೊಂದು ಜನರು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು. ಸಭಾಗೃಹ ಖಾಲಿಯಾದರೆ ಅದಕ್ಕೆ ಹೋಗುವ ಗಾಳಿಯನ್ನು ಈ ಏರ್ಪಾಡು ತಗ್ಗಿಸುತ್ತದೆ.

ಉಳಿತಾಯದ ಗುಟ್ಟು ಇಲ್ಲಿಯೇ ಇದೆ. ಬೀಸಣಿಗೆಯ ವೇಗವನ್ನು ನೂರಕ್ಕೆ 20ರಷ್ಟು ತಗ್ಗಿಸಿದರೆ ಅದು ತಿನ್ನುವ ವಿದ್ಯುತ್ತು ನೂರಕ್ಕೆ 20ರಷ್ಟಲ್ಲ, ಹೆಚ್ಚುಕಡಮೆ ಅರ್ಧಕ್ಕೇ ಇಳಿಯುತ್ತದೆ. ಏಕೆಂದರೆ ವಿದ್ಯುತ್ತಿನ ಬೇಡಿಕೆ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ಎಂಟು ಗಂಟೆ ಪೂರ್ಣ ವೇಗದಲ್ಲಿ ತಿರುಗಿಸುವುದಕ್ಕೂ ಬೇಕಾದಷ್ಟೇ ತಿರುಗಿಸುವುದಕ್ಕೂ ಇರುವ ಅಂತರವನ್ನು ತಿಂಗಳ ಬಿಲ್ಲು ತುಂಬುವವನು ತಾನೇ ಲೆಕ್ಕ ಹಾಕಿಕೊಳ್ಳಬಹುದು.

ಆದರೆ ಮ್ಯಾನೇಜರನು ಎಷ್ಟೇ ಚುರುಕಾಗಿದ್ದರೂ ತಾನು ಕಾಣದ್ದನ್ನು ತಿಳಿಯಲಾರನು. ಈ ಪಾಠವನ್ನು ನಾವು ಪುಸ್ತಕದಲ್ಲಿ ಓದಲಿಲ್ಲ, ನಮ್ಮ ಸ್ವಂತ ಹೊಟೇಲಿನಲ್ಲಿ ಕಲಿತೆವು. ಪತ್ರಿಕೆಗೆ ಬರುವ ಮೊದಲು ನಾವು ನಡೆಸುತ್ತಿದ್ದ ಹೊಟೇಲಿನಲ್ಲಿ ಗಿರಾಕಿಗಳ ಒತ್ತಾಯಕ್ಕೆ ಒಂದು ಹವಾನಿಯಂತ್ರಿತ ಕೋಣೆಯನ್ನು ಮಾಡಿಸಿದೆವು. ಅಲ್ಲಿ ದೋಸೆಗೆ ದರ ಬೇರೆ. ಯಂತ್ರ ದೊಡ್ಡದೇ ಇತ್ತು. ಆದರೂ ಊಟದ ಹೊತ್ತಿನಲ್ಲಿ ಕೋಣೆ ತಣಿಯುತ್ತಿರಲಿಲ್ಲ, ಬಿಲ್ಲು ಮಾತ್ರ ಏರುತ್ತಿತ್ತು. ಯಂತ್ರ ಮಾರಿದವರನ್ನು ಕರೆಸಿದೆವು. ಇನ್ನೊಂದು ಯಂತ್ರ ಬೇಕೆಂದರು. ಮುಂಗಡ ಕೊಡಲು ಸಿದ್ಧರಾಗಿದ್ದಾಗ ನಮ್ಮ ಅಡಿಗೆಯ ಭಟ್ಟರು ಕೈ ಒರೆಸಿಕೊಳ್ಳುತ್ತ ಬಂದು, “ಧಣಿಗಳೇ, ಈ ಬಾಗಿಲನ್ನು ನೋಡಿದಿರೋ? ಚಿಮಣಿಯ ಫ್ಯಾನು ಹಾಕಿದ ಕೂಡಲೇ ತಾನಾಗಿ ಒಳಕ್ಕೆ ಸರಿಯುತ್ತದೆ. ಗಲ್ಲೆಯ ಊದುಬತ್ತಿಯ ಹೊಗೆಯೂ ನಮ್ಮ ಕಡೆಗೇ ಬರುತ್ತದೆ” ಎಂದರು.

ಸಂಗತಿ ಇಷ್ಟೇ: ಒಲೆಗಳ ಮೇಲಿನ ಚಿಮಣಿಯ ಫ್ಯಾನು ಅಡಿಗೆಮನೆಯ ಗಾಳಿಯನ್ನು ಹೊರಕ್ಕೆ ಎಳೆಯುತ್ತಿತ್ತು, ಆ ಜಾಗಕ್ಕೆ ಹೊರಗಿನಿಂದ ಗಾಳಿ ಬರುವ ದಾರಿಯೇ ಇರಲಿಲ್ಲ, ಆದ್ದರಿಂದ ಅದು ನಾವು ಹಣ ಕೊಟ್ಟು ತಣಿಸಿದ ಗಾಳಿಯನ್ನೇ ಬಾಗಿಲಿನ ಸಂದಿಯಿಂದ ಸೆಳೆದು ಬೀದಿಗೆ ಚೆಲ್ಲುತ್ತಿತ್ತು. ಚಿಮಣಿಯ ಬದಿಗೆ ಹೊರಗಿನ ಗಾಳಿ ಬರಲು ತಗಡಿನ ಕೊಳವೆಯೊಂದನ್ನು ಹಾಕಿಸಿದೆವು. ಎರಡನೆಯ ಯಂತ್ರ ಬೇಕಾಗಲಿಲ್ಲ. ಬಿಲ್ಲು ಇಳಿಯಿತು. ಹೊಗೆ ಸರಿಯಾಗಿ ಮೇಲೇರಿ ಹೋಗಿ ಭಟ್ಟರ ಕೆಮ್ಮೂ ಕಡಮೆಯಾಯಿತು. ಇಲ್ಲೊಂದು ಮಾತನ್ನು ಮರೆಮಾಚದೆ ಒಪ್ಪಿಕೊಳ್ಳಬೇಕು. ನಾವು ಆ ಕೊಳವೆಯನ್ನು ಹಾಕಿಸಿದ್ದು ಬಿಲ್ಲಿಗಾಗಿ, ಭಟ್ಟರಿಗಾಗಿ ಅಲ್ಲ. ಅವರು ಎಷ್ಟೋ ವರ್ಷಗಳಿಂದ ಕೆಮ್ಮುತ್ತಿದ್ದರು. ಅದು ನಮಗೆ ಕೇಳಿಸುತ್ತಲೂ ಇತ್ತು.

ಇನ್ನು ಮೇಲಿನ ಮಹಡಿಯ ಸ್ವೆಟರಿನ ವಿಚಾರ. ಆಫೀಸುಗಳ ಉಷ್ಣಮಾನವನ್ನು ಗೊತ್ತುಮಾಡುವ ಪಾಶ್ಚಾತ್ಯ ಲೆಕ್ಕಾಚಾರವು 1960ರ ದಶಕದ್ದು. ಅದಕ್ಕೆ ಆಧಾರ 40 ವರ್ಷದ, 70 ಕಿಲೋ ತೂಕದ ಒಬ್ಬ ಗಂಡಸಿನ ದೇಹದ ಶಾಖವೆಂದು 2015ರಲ್ಲಿ ಡಚ್ ವಿಜ್ಞಾನಿಗಳಿಬ್ಬರು ತೋರಿಸಿಕೊಟ್ಟರು. ವಯಸ್ಸಿನಲ್ಲಿ ಆತನು ನಮಗೆ ಸಮೀಪದವನೇ. ತೂಕದ ಮಾತು ಬೇಡ. ಆದರೆ ಟೈಪಿಸುವ ಹೆಣ್ಣುಮಕ್ಕಳು ಆತನ ಲೆಕ್ಕಕ್ಕೆ ಏಕೆ ನಡುಗಬೇಕು? ನಮ್ಮ ದೇಶದಲ್ಲಿಯೇ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಬೆಂಗಳೂರು, ಚೆನ್ನೈ, ದಿಲ್ಲಿ, ಅಹಮದಾಬಾದು, ಸಿಮ್ಲಾ ನಗರಗಳ ಆಫೀಸುಗಳಲ್ಲಿ ಕೆಲಸ ಮಾಡುವವರನ್ನೇ ಕೇಳಿ ಒಂದು ಭಾರತೀಯ ಮಾನವನ್ನು ಸಿದ್ಧಪಡಿಸಿದರು. ಹೊರಗಿನ ಹವೆಗೆ ಒಗ್ಗಿದ ನಮ್ಮ ಜನ ಪರದೇಶದ ಮಾನಗಳು ಎಣಿಸುವುದಕ್ಕಿಂತ ಹೆಚ್ಚಿನ ಉಷ್ಣಮಾನದಲ್ಲಿಯೂ ಸುಖವಾಗಿರುತ್ತಾರೆಂದು ಅದರಿಂದ ತಿಳಿದುಬಂದಿತು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಈ ಮಾನಕ್ಕೆ ಸ್ಥಾನವೂ ಸಿಕ್ಕಿದೆ.

ಉಷ್ಣಮಾನವನ್ನು ಒಂದು ಡಿಗ್ರಿ ಏರಿಸಿದರೆ ನೂರಕ್ಕೆ ಸುಮಾರು 6ರಷ್ಟು ವಿದ್ಯುತ್ತು ಉಳಿಯುವುದೆಂದು ಕೇಂದ್ರ ಸರಕಾರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 2020ರ ಜನವರಿ 1ರಿಂದ ನಕ್ಷತ್ರ ಗುರುತಿನ ಕೋಣೆಯಂತ್ರಗಳೆಲ್ಲ 24 ಡಿಗ್ರಿಯಲ್ಲಿಯೇ ಚಾಲೂ ಆಗುವಂತೆ ತಯಾರಾಗಬೇಕೆಂದು ನಿಯಮವಾಯಿತು. ಆದರೆ ಆ ನಿಯಮ ಕೋಣೆಯಂತ್ರಗಳಿಗೆ ಮಾತ್ರ. ದೊಡ್ಡ ಕಟ್ಟಡದ ಉಷ್ಣಮಾನವನ್ನು ಗೊತ್ತುಮಾಡುವುದು ನಿಯಂತ್ರಣದ ಕೋಣೆಯಲ್ಲಿ ಕುಳಿತವನ ಬೆರಳು. ಆ ಬೆರಳು ಮೇಲಧಿಕಾರಿಯ ಗಾಜಿನ ಕೋಣೆಯ ಕಡೆಗೆ ನೋಡುತ್ತಿರುತ್ತದೆ.

ಬೇರೆ ದಾರಿಗಳೂ ಇಲ್ಲದಿಲ್ಲ. ಕನ್ನಡನಾಡಿನಲ್ಲಿ ನೆಲೆಯೂರಿದ ಇನ್ಫೋಸಿಸ್ ಸಂಸ್ಥೆ ಹೈದರಾಬಾದಿನ ತನ್ನ ಆವರಣದಲ್ಲಿ ಒಂದು ಕಟ್ಟಡವನ್ನು ಕಟ್ಟಿ, ಒಂದರಂತೆಯೇ ಇರುವ ಅದರ ಎರಡು ಅರ್ಧಗಳಲ್ಲಿ ಒಂದಕ್ಕೆ ವಾಡಿಕೆಯ ಗಾಳಿಯ ತಂಪನ್ನೂ ಇನ್ನೊಂದಕ್ಕೆ ಕಾಂಕ್ರೀಟಿನೊಳಗೆ ಹುದುಗಿಸಿದ ನೀರಿನ ಕೊಳವೆಗಳ ತಂಪನ್ನೂ ಕೊಟ್ಟು ಪರೀಕ್ಷಿಸಿತು. ನೀರಿನ ಅರ್ಧಕ್ಕೆ ನೂರಕ್ಕೆ 34ರಷ್ಟು ಕಡಮೆ ವಿದ್ಯುತ್ತು ಸಾಕಾಯಿತೆಂದು 2014ರಲ್ಲಿ ಪ್ರಕಟವಾಯಿತು. ಮುಂಬಯಿ, ಚೆನ್ನೈಗಳ ತೇವದಲ್ಲಿ ಎಚ್ಚರ ತಪ್ಪಿದರೆ ತಣ್ಣಗಿನ ಶರಬತ್ತಿನ ಲೋಟ ಬೆವರುವಂತೆ ಅಂಥ ಛಾವಣಿ ಬೆವರುತ್ತದೆ. ಗಾಳಿಯನ್ನು ಬೇರೆಯಾಗಿ ಒಣಗಿಸಿ ಒಳಬಿಡಬೇಕಾಗುತ್ತದೆ. ಕಷ್ಟವಿದೆಯೇ ಹೊರತು ಅಸಾಧ್ಯವಲ್ಲ.

ಇಷ್ಟೆಲ್ಲ ಜಾಣತನದಿಂದ ಉಳಿಯುವ ಹಣ ಎಲ್ಲಿಗೆ ಹೋಗಬೇಕು ಎಂಬುದೇ ನಮ್ಮ ಪ್ರಶ್ನೆ. 1948ರ ಕಾರ್ಖಾನೆಗಳ ಕಾಯಿದೆ ಕೆಲಸದ ಕೋಣೆಯಲ್ಲಿ ಗಾಳಿಯಾಡಬೇಕು, ಉಷ್ಣಮಾನ ಸಹ್ಯವಾಗಿರಬೇಕು ಎಂದು ವಿಧಿಸಿತ್ತು. ಆದರೆ ಕಾರ್ಖಾನೆ ಎಂಬ ಶಬ್ದದ ವ್ಯಾಖ್ಯೆಯಿಂದ ಹೊಟೇಲು, ಉಪಾಹಾರಗೃಹಗಳನ್ನು ಹೆಸರಿಸಿಯೇ ಹೊರಗಿಟ್ಟಿತ್ತು. ಗಿರಣಿಯ ಕೆಲಸಗಾರನಿಗೆ ಕಾಗದದ ಮೇಲಾದರೂ ದೊರೆತದ್ದು ಮಾಣಿಗೂ ಭಟ್ಟನಿಗೂ ದೊರೆಯಲಿಲ್ಲ. ಬಿ.ಎಂ.ಎಸ್. ಹಾಕುವವರೂ ಅದೇ ಹಳೆಯ ಗೆರೆಯನ್ನು ಅನುಸರಿಸುತ್ತಾರೆ. ಗಿರಾಕಿ ಕೂರುವಲ್ಲಿ ನಾಲ್ಕು ಸೆನ್ಸರು, ಬೇಯಿಸುವಲ್ಲಿ ಒಂದೂ ಇಲ್ಲ. ಒಲೆಯ ಶಾಖವನ್ನೂ ಹೊಗೆಯನ್ನೂ ಅಳೆದು, ಜನಸಂದಣಿಯ ಹೊತ್ತಿನಲ್ಲಿ ಚಿಮಣಿಯನ್ನು ಪೂರ್ಣ ವೇಗದಲ್ಲಿಯೂ ಮಧ್ಯಾಹ್ನ ಮೂರರ ಬಿಡುವಿನಲ್ಲಿ ನಿಧಾನವಾಗಿಯೂ ತಿರುಗಿಸುವ ಸಾಧನಗಳು ಇಂದು ಸಿಗುತ್ತವೆ. ಅವುಗಳಿಂದಲೂ ವಿದ್ಯುತ್ತು ಉಳಿಯುತ್ತದೆ. ಆದ್ದರಿಂದ ಮಾಲಿಕರಿಗೆ ಇದು ದಾನದ ಮಾತೂ ಅಲ್ಲ.

ಹಾಲಿನ ಉಷ್ಣಮಾನವನ್ನು ಎರಡು ಡಿಗ್ರಿ ಏರಿಸಿ, ಅದರಿಂದ ಉಳಿದ ಹಣದಲ್ಲಿ ಅಡಿಗೆಮನೆಗೆ ಹೊರಗಿನ ಗಾಳಿಯ ಕೊಳವೆಯನ್ನು ಹಾಕಿಸಿರೆಂದು ನಮ್ಮ ಹೊಟೇಲು ಮಾಲಿಕ ಮಿತ್ರರನ್ನು ಕೇಳಿಕೊಳ್ಳುತ್ತೇವೆ. ದೊಡ್ಡ ಯಂತ್ರಕ್ಕೆ ಹಣವಿಲ್ಲದವರು ಕಾವಲಿಯ ಬಳಿಯ ಗೋಡೆಗೆ ಒಂದು ಉಷ್ಣಮಾಪಕವನ್ನು ತೂಗುಹಾಕಿ, ಮಧ್ಯಾಹ್ನ ಒಂದು ಗಂಟೆಗೆ ತಾವೇ ಅದರ ಮುಂದೆ ಹತ್ತು ನಿಮಿಷ ನಿಂತು ಓದಲಿ. ಗುಮಾಸ್ತ ಮಿತ್ರರಾದರೋ ಸ್ವೆಟರು ಹೊಲಿಸುವ ಬದಲು ನಾಲ್ವರು ಸೇರಿ ಕಟ್ಟಡದ ವ್ಯವಸ್ಥಾಪಕರಿಗೆ ಒಂದು ಅರ್ಜಿ ಬರೆಯಲಿ. ಅದರಲ್ಲಿ ತಮ್ಮ ಚಳಿಯ ಜೊತೆಗೆ ತಳದ ಅಂತಸ್ತಿನ ಅಡಿಗೆಮನೆಯ ಸೆಕೆಯನ್ನೂ ಒಂದು ಸಾಲಿನಲ್ಲಿ ಸೇರಿಸಲಿ. ದಿನವೂ ಅವರಿಗೆ ಇಡ್ಲಿ ಬರುವುದು ಅಲ್ಲಿಂದಲೇ.