ಎತ್ತರಿಸಿದ ಗಾಡಿ ಘಟ್ಟ ಇಳಿಯುವ ಮೊದಲು

ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆಂದು ನಿಂತಿದ್ದೆ. ರಸ್ತೆಯಂಚಿನಲ್ಲಿ ಏಳೆಂಟು ಫೋರ್ ವೀಲ್ ಡ್ರೈವ್ ಗಾಡಿಗಳು, ಮೈತುಂಬ ಕೆಸರು ಮೆತ್ತಿಕೊಂಡು ಸಾಲಾಗಿ ನಿಂತಿದ್ದವು. ಹಿಂದಿನ ದಿನ ಯಾವುದೋ ಕಾಫಿ ತೋಟದ ಹಾದಿಯಲ್ಲಿ ಆಡಿ ಬಂದವು. ಅವುಗಳಲ್ಲಿ ಒಂದು ಉಳಿದವುಗಳಿಗಿಂತ ನಾಲ್ಕು ಬೆರಳಷ್ಟು ಎತ್ತರಕ್ಕಿತ್ತು. ಅದರ ಮುಂದಿನ ಚಕ್ರದ ಒಳಮೈಗೆ ಕಪ್ಪು ಗ್ರೀಸ್ ಚಿಮ್ಮಿತ್ತು. ಬಗ್ಗಿ ನೋಡಿದರೆ ಆಕ್ಸಲ್ ತುದಿಯ ರಬ್ಬರ್ ಬೂಟ್ ಹರಿದು ಬಾಯಿಬಿಟ್ಟಿದೆ. ಗಾಡಿಯವನು ಮೂವತ್ತರ ಆಸುಪಾಸಿನ ಹುಡುಗ. ಹಿಂದಿನ ಸೀಟಿನಲ್ಲಿ ಅವನ ತಾಯಿ, ಅವರ ಮಡಿಲಲ್ಲಿ ಮೊಮ್ಮಗು.

‘ಲಿಫ್ಟ್ ಮಾಡಿಸಿದೀಯೇನಪ್ಪ?’ ಎಂದೆ.

‘ಹೌದು ಸರ್, ಎರಡು ಇಂಚು. ಸ್ಪೇಸರ್ ಹಾಕಿದ್ರು ಅಷ್ಟೆ. ಬೆಳಿಗ್ಗೆ ಬಿಟ್ಟು ಸಂಜೆ ತಗೊಂಡೆ.’

ಆ ‘ಅಷ್ಟೆ’ ಎಂಬ ಮಾತು ನನ್ನನ್ನು ಬಿಟ್ಟಿಲ್ಲ. ಒಂದು ಕಾಲಕ್ಕೆ ಫೋರ್ ವೀಲ್ ಡ್ರೈವ್ ಎಂದರೆ ಮಲೆನಾಡಿನ ಪ್ಲಾಂಟರುಗಳದ್ದು, ಅರಣ್ಯ ಇಲಾಖೆಯದ್ದು, ಸೇನೆಯದ್ದು. 2020ರ ಅಕ್ಟೋಬರ್ 2ರಂದು ಮಹೀಂದ್ರ ಹೊಸ ಥಾರ್ ಬಂತು. 2023ರಲ್ಲಿ ಮಾರುತಿಯ ಐದು ಬಾಗಿಲಿನ ಜಿಮ್ನಿ, 2024ರ ಆಗಸ್ಟಿನಲ್ಲಿ ಥಾರ್ ರಾಕ್ಸ್. ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲೂ ಇವೇ ಕಾಣುತ್ತವೆ. ಗಾಡಿಯ ಹಿಂದೆಯೇ ಅದನ್ನು ಎತ್ತರಿಸುವ ವ್ಯಾಪಾರವೂ ಬಂದಿದೆ. ಸ್ಪ್ರಿಂಗಿನ ಮೇಲೆ ಇಡುವ, ಕೆಲವು ಸಾವಿರಕ್ಕೆ ಸಿಗುವ ಸ್ಪೇಸರ್ ತುಂಡಿನಿಂದ ಹಿಡಿದು ಲಕ್ಷ ದಾಟುವ ಪೂರ್ತಿ ಕಿಟ್‌ವರೆಗೆ ಎಲ್ಲವನ್ನೂ ‘ಲಿಫ್ಟ್’ ಎಂಬ ಒಂದೇ ಹೆಸರಲ್ಲಿ ಮಾರುತ್ತಾರೆ. ಅವಘಡಗಳನ್ನು ಎಣಿಸುವ ಕಾಲ ಬರುವ ಮೊದಲೇ ಒಂದು ಮಾತು ಹೇಳಿಬಿಡಬೇಕು: ಅಗ್ಗದ ಲಿಫ್ಟ್ ಕೈಕೊಡುವುದು ಕಾಡಿನ ಹಾದಿಯಲ್ಲಲ್ಲ, ಮನೆಗೆ ಮರಳುವ ಹೆದ್ದಾರಿಯಲ್ಲಿ. ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿ.ಮೀ. ಅಲ್ಲಿನ ಕೆಸರಿನಲ್ಲಿ ಓಡಿಸುವುದು ಹೆಚ್ಚೆಂದರೆ ಹತ್ತು ಹದಿನೈದು ಕಿ.ಮೀ., ಅದೂ ನಡಿಗೆಯ ವೇಗದಲ್ಲಿ. ಮಿಕ್ಕಿದ್ದೆಲ್ಲ ಗಂಟೆಗೆ 80–100ರಲ್ಲಿ, ಲಾರಿ ಬಸ್ಸುಗಳ ನಡುವೆ.

ಲಿಫ್ಟ್‌ನಿಂದ ಉಪಯೋಗವೇ ಇಲ್ಲ ಎನ್ನಲಾರೆ. ಗಾಡಿಯ ಹೊಟ್ಟೆ ದಿಬ್ಬಕ್ಕೆ ತಾಗುವುದು ತಪ್ಪುತ್ತದೆ, ಮೂತಿ ಕಡಿದಾದ ಏರಿಗೆ ಒತ್ತುವುದಿಲ್ಲ, ದೊಡ್ಡ ಟೈರು ಹಾಕಲು ಜಾಗ ಸಿಗುತ್ತದೆ. ಆದರೆ ದುಡ್ಡು ಕೊಡುವವರಲ್ಲಿ ಬಹಳ ಮಂದಿಗೆ ಸಿಗುವ ಎತ್ತರ ಯಾವುದು ಎನ್ನುವುದೇ ಗೊತ್ತಿರುವುದಿಲ್ಲ. ಜಿಮ್ನಿಯಲ್ಲಿ ಮುಂದೆಯೂ ಹಿಂದೆಯೂ ಎರಡು ಚಕ್ರಗಳನ್ನು ಒಂದೇ ದೂಲದಂತೆ ಜೋಡಿಸುವ ರಿಜಿಡ್ ಆಕ್ಸಲ್. ಎರಡು ಚಕ್ರಗಳ ನಡುವೆ ಜೋತುಬಿದ್ದ ಡಿಫರೆನ್ಷಿಯಲ್ಲಿನ ಗುಂಡೇ ಅದರ ಅತಿ ತಗ್ಗಿನ ಭಾಗ. ಸ್ಪ್ರಿಂಗ್ ಎತ್ತರಿಸಿದರೆ ಮೇಲೇಳುವುದು ಚಾಸಿ. ಆ ಗುಂಡು ಮಾತ್ರ ನೆಲದಿಂದ ಮೊದಲೆಷ್ಟು ಮೇಲಿತ್ತೋ ಅಷ್ಟೇ ಇರುತ್ತದೆ. ಅದನ್ನು ಎತ್ತಬಲ್ಲದ್ದು ದೊಡ್ಡ ಟೈರು ಒಂದೇ. ಹಾದಿ ನಡುವಿನ ಕಲ್ಲು ನಿನ್ನೆ ತಾಗುತ್ತಿದ್ದರೆ ಇವತ್ತೂ ತಾಗುತ್ತದೆ. ಕಂಪನಿಯಿಂದ ಬರುವಾಗಲೇ ಜಿಮ್ನಿಗೆ 210 ಮಿ.ಮೀ., ಥಾರ್‌ಗೆ 226 ಮಿ.ಮೀ. ನೆಲದಂತರ (ಗ್ರೌಂಡ್ ಕ್ಲಿಯರೆನ್ಸ್) ಇದೆ. ವಾರಾಂತ್ಯದ ತೋಟದ ಹಾದಿಗೆ ಅದು ಸಾಲದು ಎನ್ನುವವರು ಮೊದಲು ಸಾಲದೆ ಹೋದದ್ದು ಎಲ್ಲಿ ಎಂದು ನೋಡಿಕೊಳ್ಳಬೇಕು.

ಈಗ ಕೊಟ್ಟಿಗೆಹಾರದ ಆ ಹರಿದ ಬೂಟಿನ ವಿಷಯ. ಥಾರ್‌ನಂಥ ಗಾಡಿಯಲ್ಲಿ ಮುಂದಿನ ಎರಡು ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುತ್ತವೆ. ಮುಂದಿನ ಡಿಫರೆನ್ಷಿಯಲ್ ಚಾಸಿಗೆ ಬಿಗಿದಿರುತ್ತದೆ. ಅಲ್ಲಿಂದ ಚಕ್ರಕ್ಕೆ ಹೋಗುವ ಶಾಫ್ಟಿನ ಎರಡು ತುದಿಗೂ, ಓರೆಯಾದಾಗಲೂ ತಿರುಗಬಲ್ಲ ಸಿವಿ ಜಾಯಿಂಟ್; ಅದರ ಹೊದಿಕೆಯೇ ಆ ರಬ್ಬರ್ ಬೂಟ್. ಚಾಸಿ ಮೇಲೇರಿದರೆ ಆ ಶಾಫ್ಟು ಕೆಳಮುಖವಾಗಿ ಓರೆಯಾಗುತ್ತದೆ. ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಕೂಡಿದ ಜೋಡಿ ಕೂರುವುದು ಕೆಳಗಿನ ಆರ್ಮಿನ ತುದಿಯಲ್ಲಲ್ಲ, ನಡುವಿನಲ್ಲೆಲ್ಲೋ. ಹಾಗಾಗಿ ಅದರ ತಲೆಯ ಮೇಲೆ ಇಟ್ಟ ಸ್ಪೇಸರ್ ಎಷ್ಟು ದಪ್ಪವೋ ಅದಕ್ಕಿಂತ ಹೆಚ್ಚು ಎತ್ತರ ಚಕ್ರದ ಬಳಿ ಸಿಗುತ್ತದೆ. ಗ್ಯಾರೇಜಿನವನಿಗೆ ಇದು ಲಾಭದಂತೆ ಕಾಣುತ್ತದೆ. ಆದರೆ ಗುಂಡಿಯಲ್ಲಿ ಚಕ್ರ ಪೂರ್ತಿ ಕೆಳಗೆ ಜೋತಾಗಲೂ ಅದು ಅಷ್ಟೇ ಹೆಚ್ಚು ಜೋಲುತ್ತದೆ. ಬಾಲ್ ಜಾಯಿಂಟ್, ಸಿವಿ ಜಾಯಿಂಟ್ ಎರಡೂ ತಮಗೆ ಹಾಕಿಕೊಟ್ಟ ಗಡಿ ದಾಟುತ್ತವೆ. ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಗ್ರೀಸ್ ಹೊರಗೆ ಚೆಲ್ಲುತ್ತದೆ, ಕೆಸರು ಒಳಗೆ ಸೇರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ‘ಕಟಕಟ’ ಎನ್ನುವ ಸದ್ದು ಶುರುವಾಗುವಷ್ಟರಲ್ಲಿ ಜಾಯಿಂಟು ಸವೆದು ಹೋಗಿರುತ್ತದೆ.

ರಿಜಿಡ್ ಆಕ್ಸಲ್ಲಿನ ಗಾಡಿಯ ಕಷ್ಟ ಬೇರೆ ಥರದ್ದು. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುತ್ತದಲ್ಲ, ಅಂಥದೇ ಒಂದು ಓರೆ ಕಾರಿನ ಮುಂದಿನ ಚಕ್ರಗಳಿಗೂ ಇದೆ. ಕ್ಯಾಸ್ಟರ್ ಎನ್ನುತ್ತಾರೆ. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೆಟ್ಟಗಾಗುವುದು, ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಎಳೆಯದೆ ಸಾಗುವುದು ಅದರಿಂದ. ಚಾಸಿಯನ್ನು ಎತ್ತಿದಾಗ ಆಕ್ಸಲ್ ಹಿಡಿದಿರುವ ಉದ್ದದ ಆರ್ಮುಗಳು ಕೆಳಗೆ ವಾಲಿ, ಆಕ್ಸಲನ್ನೇ ಒಂದಿಷ್ಟು ತಿರುಚುತ್ತವೆ; ಕ್ಯಾಸ್ಟರ್ ಕಡಿಮೆಯಾಗುತ್ತದೆ. ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಅಡ್ಡಕ್ಕೆ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡ್ ಉದ್ದದಲ್ಲಿ ಬದಲಾಗದ ಕಾರಣ, ಇಡೀ ಆಕ್ಸಲನ್ನು ಒಂದು ಪಕ್ಕಕ್ಕೆ ಎಳೆದು ಕೂರಿಸುತ್ತದೆ. ಇದರ ಜೊತೆಗೆ ಒಂದು ಬುಷ್ ಸವೆದಿದ್ದರೆ, ಟೈರು ಸರಿಯಾಗಿ ಬ್ಯಾಲೆನ್ಸ್ ಆಗಿರದಿದ್ದರೆ, ವೇಗದಲ್ಲಿ ಒಂದು ಸಣ್ಣ ಗುಂಡಿ ಹಾರಿಸಿದ ಕ್ಷಣಕ್ಕೆ ಮುಂದಿನ ಚಕ್ರಗಳು ಎಡಕ್ಕೂ ಬಲಕ್ಕೂ ಪಟಪಟ ಬಡಿದುಕೊಳ್ಳತೊಡಗುತ್ತವೆ. ಸ್ಟಿಯರಿಂಗ್ ಕೈಗೆ ನಿಲ್ಲುವುದಿಲ್ಲ. ಇದಕ್ಕೆ ಆಫ್‌ರೋಡ್ ಮಂದಿ ಇಟ್ಟ ಹೆಸರು ‘ಡೆತ್ ವಾಬಲ್’. ಕ್ಯಾಸ್ಟರ್ ಸರಿಪಡಿಸುವ ಬುಷ್ ಅಥವಾ ಬ್ರಾಕೆಟ್, ಉದ್ದ ಹೊಂದಿಸಬಹುದಾದ ಪ್ಯಾನ್‌ಹಾರ್ಡ್ ರಾಡ್ ಎರಡೂ ಸಿಗುತ್ತವೆ. ಆದರೆ ಇವು ಇದ್ದಾಗಲೇ ಅದು ಪೂರ್ತಿ ಕಿಟ್. ಸ್ಪ್ರಿಂಗ್ ಮಾತ್ರ ಹಾಕಿ ಕಳಿಸುವವನು ಅರ್ಧ ಕೆಲಸ ಮಾಡಿ ಪೂರ್ತಿ ದುಡ್ಡು ಇಸಿದುಕೊಂಡಂತೆ.

ನನಗೆ ಎಲ್ಲಕ್ಕಿಂತ ದಿಗಿಲು ಹುಟ್ಟಿಸುವುದು ಬ್ರೇಕ್ ಹೋಸ್. ಚಾಸಿಯ ಮೇಲಿನ ಗಟ್ಟಿ ಪೈಪಿನಿಂದ ಚಕ್ರಕ್ಕೆ ಬರುವ ಆ ರಬ್ಬರ್ ಕೊಳವೆಯ ಉದ್ದವನ್ನು ಕಂಪನಿಯವರು ಚಕ್ರ ಎಷ್ಟು ಜೋಲಬಹುದೋ ಅಷ್ಟಕ್ಕೆ ಅಳೆದು ಕತ್ತರಿಸಿರುತ್ತಾರೆ. ಉದ್ದದ ಶಾಕ್ ಅಬ್ಸಾರ್ಬರ್ ಹಾಕಿ ಚಕ್ರ ಇನ್ನಷ್ಟು ಇಳಿಯುವಂತೆ ಮಾಡಿ, ಹೋಸ್ ಹಳೆಯದನ್ನೇ ಬಿಟ್ಟರೆ, ಚಕ್ರ ಪೂರ್ತಿ ಜೋತುಬೀಳುವ ಹೊತ್ತಿಗೆ ಅದು ತಂತಿಯಂತೆ ಬಿಗಿಯುತ್ತದೆ. ಕಾಡಿನಲ್ಲಿ ಆಕ್ಷಣಕ್ಕೇ ಕಿತ್ತುಬಂದರೆ ಪುಣ್ಯ, ವೇಗ ಕಡಿಮೆ, ಗೊತ್ತಾಗುತ್ತದೆ. ಎಳೆದೆಳೆದು ಒಳಗೊಳಗೇ ಬಿರಿದು ಉಳಿದುಕೊಂಡದ್ದು ಮರುದಿನ ಚಾರ್ಮಾಡಿ ಘಟ್ಟದ ಹೇರ್‌ಪಿನ್ ತಿರುವುಗಳಲ್ಲಿ ಬ್ರೇಕ್ ಮೇಲೆ ಬ್ರೇಕ್ ಒತ್ತುವಾಗ ಒಡೆದರೆ? ಗಾಡಿಯನ್ನು ಜ್ಯಾಕ್ ಮೇಲೆತ್ತಿ, ಚಕ್ರವನ್ನು ಪೂರ್ತಿ ಇಳಿಬಿಟ್ಟು, ಸ್ಟಿಯರಿಂಗನ್ನು ಎರಡೂ ಕಡೆಗೆ ಕೊನೆತನಕ ತಿರುಗಿಸಿ ಹೋಸನ್ನೂ ಎಬಿಎಸ್ ವೈರನ್ನೂ ಬೆರಳಲ್ಲಿ ಮುಟ್ಟಿ ನೋಡಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಕೊಡದ ಗ್ಯಾರೇಜಿನಿಂದ ಗಾಡಿ ತರಬೇಡಿ.

ಇಷ್ಟೆಲ್ಲವನ್ನೂ ಸರಿಯಾಗಿ ಮಾಡಿಸಿದರೂ ತಪ್ಪಿಸಲಾಗದ ಒಂದು ಸಂಗತಿ ಉಳಿಯುತ್ತದೆ. ಗಾಡಿ ಮಗುಚುವ ಗುಣವನ್ನು ಅಳೆಯಲು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಒಂದು ಸರಳ ಭಾಗಾಕಾರ ಬಳಸುತ್ತದೆ: ಎಡಬಲ ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗಾಡಿಯ ತೂಕದ ಕೇಂದ್ರದ ಎತ್ತರದಿಂದ ಭಾಗಿಸುವುದು. ಉತ್ತರ ಕಿರಿದಾದಷ್ಟೂ ಗಾಡಿ ಬೇಗ ಮಗುಚುತ್ತದೆ. ಲೆಕ್ಕಕ್ಕೆಂದು ಅಗಲ 1500 ಮಿ.ಮೀ., ಕೇಂದ್ರದ ಎತ್ತರ 700 ಮಿ.ಮೀ. ಎಂದು ಹಿಡಿಯಿರಿ. 750ನ್ನು 700ರಿಂದ ಭಾಗಿಸಿದರೆ 1.07. ಕೇಂದ್ರವೂ ಎರಡು ಇಂಚು, ಅಂದರೆ ಸುಮಾರು 50 ಮಿ.ಮೀ. ಏರಿತೆಂದು ಹಿಡಿದರೆ ಅದು 1.00ಕ್ಕೆ ಇಳಿಯುತ್ತದೆ. ಸುಮಾರು 1700 ಕಿಲೋ ತೂಗುವ ಅದೇ ಗಾಡಿಯ ಚಾವಣಿಯ ಮೇಲೆ 60 ಕಿಲೋ ತೂಕದ ಕ್ಯಾರಿಯರ್, ಟೆಂಟು ಹೇರಿದರೆ 0.95ರ ಹತ್ತಿರ ಬರುತ್ತದೆ. ಸಾಮಾನ್ಯ ಕಾರುಗಳಲ್ಲಿ ಈ ಅಂಕಿ 1.3ರಿಂದ 1.5ರವರೆಗೆ ಇರುತ್ತದೆ. ಗಾಡಿ ಜಾರತೊಡಗಿದಾಗ ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕಿ ಹಿಡಿದು ನಿಲ್ಲಿಸುವ ಇಎಸ್‌ಪಿ ಇದೆಯಲ್ಲ ಎನ್ನಬಹುದು. ಆ ಕಂಪ್ಯೂಟರಿಗೆ ಲೆಕ್ಕ ಕಲಿಸಿದ್ದು ಹಳೆಯ ಎತ್ತರ, ಹಳೆಯ ಸ್ಪ್ರಿಂಗು, ಹಳೆಯ ಟೈರಿನ ಮೇಲೆ. ನಾವು ಗಾಡಿ ಬದಲಾಯಿಸಿದ್ದು ಅದಕ್ಕೆ ಗೊತ್ತಿಲ್ಲ. ಥಾರ್‌ನ 255/65 ಆರ್18 ಟೈರಿನ ಎತ್ತರ ಸುಮಾರು 789 ಮಿ.ಮೀ.; ಅದರ ಜಾಗಕ್ಕೆ 33 ಇಂಚಿನದ್ದು ಬಂದರೆ ಮೀಟರು 80 ತೋರಿಸುವಾಗ ಗಾಡಿ ಮೊದಲಿಗಿಂತ 5 ಕಿ.ಮೀ. ಹೆಚ್ಚು ವೇಗದಲ್ಲಿರುತ್ತದೆ. ಗಾಡಿ ಎತ್ತರಿಸಿದ ಮೇಲೆ ಹೆಡ್‌ಲೈಟನ್ನು ತಗ್ಗಿಸಿ ಹೊಂದಿಸದೆ ಓಡಿಸುವವರು ಎದುರಿನವರ ಕಣ್ಣು ಕುಕ್ಕುತ್ತಾರೆ ಎಂಬುದನ್ನು ರಾತ್ರಿ ಹಾಸನದ ದಾರಿಯಲ್ಲಿ ಬಂದವರೆಲ್ಲ ಬಲ್ಲರು.

ಕಾನೂನು ಏನೆನ್ನುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಮಾಲೀಕ ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಡಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. ವಿಮಾ ಕಂಪನಿಗೆ ತಿಳಿಸದೆ ಮಾಡಿಸಿದ ಬದಲಾವಣೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಸಿಕ್ಕ ನೆಪ. ಲಿಫ್ಟ್ ಮಾಡಿಸುವ ದಿನ ಈ ಯಾವುದನ್ನೂ ಗ್ರಾಹಕನಿಗೆ ಹೇಳುವವರಿಲ್ಲ.

ನಿಷೇಧ ಕಾಗದದ ಮೇಲಿದೆ; ತಪಾಸಣೆ ಎಲ್ಲಿದೆ? ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಅಲ್ಲಿಯವರೆಗೆ ಯಾವ ಇನ್‌ಸ್ಪೆಕ್ಟರೂ ಅದರ ಕೆಳಗೆ ಬಗ್ಗಿ ನೋಡಬೇಕಾಗಿಲ್ಲ. ಹೊಗೆ ತಪಾಸಣೆಯವನು ನೋಡುವುದು ಸೈಲೆನ್ಸರನ್ನು ಮಾತ್ರ. 2020–21ರಲ್ಲಿ ಕೊಂಡ ಗಾಡಿಗಳು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತಿವೆ. ಮೊದಲ ಮಾಲೀಕನಿಗೆ ತಾನು ಏನು ಮಾಡಿಸಿದೆ ಎಂಬ ನೆನಪಾದರೂ ಇರುತ್ತದೆ. ಎರಡನೆಯವನು ‘ಗಾಡಿ ಎತ್ತರಕ್ಕಿದೆ, ನೋಡಲು ಚೆನ್ನಾಗಿದೆ’ ಎಂದು ನಾಲ್ಕು ಕಾಸು ಹೆಚ್ಚೇ ಕೊಟ್ಟು ತಂದು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಡುತ್ತಾನೆ. ಮುಂದಿನ ನಾಲ್ಕೈದು ಮಳೆಗಾಲಗಳ ಬಗ್ಗೆ ನನ್ನ ಆತಂಕ ಇರುವುದು ಇಂಥವರನ್ನು ನೆನೆದು.

ಸಾರಾಸಗಟು ನಿಷೇಧದಿಂದ ಈ ಕೆಲಸ ನಿಂತಿಲ್ಲ. ಲೆಕ್ಕಕ್ಕೆ ಸಿಗದೆ ನಡೆಯುತ್ತಿದೆ, ಅಷ್ಟೇ ವ್ಯತ್ಯಾಸ. ದಾರಿಯೊಂದು ನಮ್ಮಲ್ಲೇ ಇದೆ. ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಹಾಕಿಸಬೇಕಾದರೆ ಪರೀಕ್ಷೆಯಾಗಿ ಅನುಮೋದನೆ ಪಡೆದ ಕಿಟ್ಟೇ ಆಗಬೇಕು, ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ನಮೂದಾಗಬೇಕು. ಲಿಫ್ಟ್ ಕಿಟ್‌ಗೂ ಅದೇ ವ್ಯವಸ್ಥೆ ಬರಲಿ. ವಾಹನಗಳನ್ನು ಪರೀಕ್ಷಿಸುವ ಪುಣೆಯ ಎಆರ್‌ಎಐಯಂಥ ಸಂಸ್ಥೆ ಗಾಡಿಯ ಮಾದರಿಗೆ ತಕ್ಕಂತೆ ಕಿಟ್ ಪರೀಕ್ಷಿಸಲಿ. ಇಷ್ಟು ಮಿಲಿಮೀಟರಿಗಿಂತ ಹೆಚ್ಚು ಬೇಡ ಎಂದು ಗೆರೆ ಎಳೆಯಲಿ. ಹಾಕಿಸಿದ್ದು ಆರ್‌ಸಿಯಲ್ಲೂ ವಿಮೆಯಲ್ಲೂ ಕಾಣಲಿ. ಆಸ್ಟ್ರೇಲಿಯಾದಲ್ಲಿ ಇದಕ್ಕೊಂದು ರಾಷ್ಟ್ರೀಯ ಸಂಹಿತೆಯೇ ಇದೆ. ಮಿತಿ ದಾಟಿದ ಲಿಫ್ಟಿಗೆ ಎಂಜಿನಿಯರರ ಪ್ರಮಾಣಪತ್ರ ಬೇಕು, ಥಟ್ಟನೆ ಲೇನ್ ಬದಲಿಸಿ ಗಾಡಿ ಹಿಡಿತದಲ್ಲಿರುತ್ತದೆಯೇ ಎಂದು ಪರೀಕ್ಷಿಸುವ ಕ್ರಮವೂ ಇದೆ. ರಾಜ್ಯದ ಸಾರಿಗೆ ಇಲಾಖೆ ಈ ಬೇಡಿಕೆಯನ್ನು ಕೇಂದ್ರದ ಮುಂದೆ ಇಡಬೇಕು. ಅದಕ್ಕೂ ಮೊದಲು, ಮಾಲೀಕತ್ವ ವರ್ಗಾಯಿಸುವಾಗ ಇಂಥ ಗಾಡಿಗಳ ಕೆಳಭಾಗವನ್ನು ಒಮ್ಮೆ ನೋಡುವ ಪದ್ಧತಿಯನ್ನಾದರೂ ಶುರುಮಾಡಬೇಕು.

ಆಫ್‌ರೋಡ್ ಹುಚ್ಚಿರುವ ಗೆಳೆಯರಿಗೆ ಒಂದು ಮಾತು. ಕೊಲ್ಲೂರು, ನಿಟ್ಟೂರು ಕಡೆಯಿಂದ ಕೊಡಚಾದ್ರಿ ಏರುವ ಹಳೆಯ ಜೀಪುಗಳನ್ನು ನೋಡಿ. ಕಲ್ಲು, ಕೊರಕಲು, ಜಾರುವ ಕೆಮ್ಮಣ್ಣು; ಆ ಚಾಲಕರು ಲೋ ಗೇರಿನಲ್ಲಿ ಚಕ್ರ ಯಾವ ಕಲ್ಲಿನ ಮೇಲಿಡಬೇಕೆಂದು ಆರಿಸಿ ಆರಿಸಿ ಏರಿಸುತ್ತಾರೆ. ದಾರಿ ಓದುವ ಆ ಕಣ್ಣು ಯಾವ ಕಿಟ್ಟಿನಲ್ಲೂ ಬರುವುದಿಲ್ಲ. ಕೆಸರಿನ ಹಾದಿಗೆ ಇಳಿಯುವ ಮೊದಲು ಟೈರಿನ ಗಾಳಿಯನ್ನು 30 ಪಿಎಸ್‌ಐ ಮೇಲಿನಿಂದ 18–20ಕ್ಕೆ ಇಳಿಸಿದರೆ ಟೈರು ಅಗಲವಾಗಿ ಹಾಸಿಕೊಂಡು ನೆಲ ಕಚ್ಚುತ್ತದೆ. ಖರ್ಚಿಲ್ಲ, ಮರಳುವಾಗ ತುಂಬಿಸಿಕೊಳ್ಳಲು ಒಂದು ಪುಟ್ಟ ಪಂಪು ಸಾಕು. ಒಳ್ಳೆಯ ಟೈರು, ಎಳೆಯುವ ಹಗ್ಗ, ಜೊತೆಗೊಂದು ಗಾಡಿ ಇದ್ದೂ ಮತ್ತೆ ಮತ್ತೆ ಹೊಟ್ಟೆ ತಾಗುತ್ತಿದ್ದರೆ ಆಗ ಲಿಫ್ಟ್ ಬಗ್ಗೆ ಯೋಚಿಸಿ. ಆಗಲೂ ಸ್ಪ್ರಿಂಗ್, ಅದಕ್ಕೊಪ್ಪುವ ಶಾಕ್ ಅಬ್ಸಾರ್ಬರ್, ಹೋಸ್, ಜಾಯಿಂಟು, ಅಲೈನ್‌ಮೆಂಟು ಎಲ್ಲ ಒಟ್ಟಿಗೇ ಆಗಬೇಕು. 500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನು ಮತ್ತೆ ಬಿಗಿಸಬೇಕು.

ಅಂದು ಕೊಟ್ಟಿಗೆಹಾರದಲ್ಲಿ ಆ ಹುಡುಗನನ್ನು ಚಕ್ರದ ಬಳಿ ಕರೆದು ಹರಿದ ಬೂಟು ತೋರಿಸಿದೆ. ಅವನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ. ಬ್ರೇಕ್ ಹೋಸನ್ನೂ ನೋಡಿಸು, ಮೂಡಿಗೆರೆಯಲ್ಲೇ ಯಾರಾದರೂ ಮೆಕ್ಯಾನಿಕ್ ಸಿಗುತ್ತಾರೆ ಎಂದೆ. ‘ಬೆಂಗಳೂರಿಗೆ ಹೋಗಿ, ಹಾಕಿದವರ ಹತ್ರಾನೇ ತೋರಿಸ್ತೀನಿ ಸರ್’ ಎಂದು ನಕ್ಕ. ಬೆಂಗಳೂರು ಅಲ್ಲಿಂದ 250 ಕಿ.ಮೀ.ಗೂ ಹೆಚ್ಚು. ತಾಯಿ ಕಿಟಕಿ ಇಳಿಸಿ ‘ಏನಂತಪ್ಪ?’ ಎಂದು ಕೇಳಿದರು. ‘ಏನಿಲ್ಲಮ್ಮ, ಗ್ರೀಸು’ ಎಂದ. ಗಾಡಿ ಮಂಜಿನೊಳಗೆ ಹೊರಟುಹೋಯಿತು.